ಒಂದು ಚಿಟಿಕೆ

ಗುಂಡಿಗಳ ಮೇಲಿನ ಸಂಖ್ಯೆ ಯಾವಾಗಲೋ ಸವೆದುಹೋಗಿದೆ.
ಆರಕ್ಕೆ ಆರೂ ಬೋಳು. ಪಕ್ಕದಲ್ಲಿ
ಉಗುರುಬಣ್ಣದ ಒಂದೊಂದು ಕೆಂಪು ಚುಕ್ಕೆ.
ಹಿಲ್ಕಾ ಇಟ್ಟದ್ದು, ಅವರಿಬ್ಬರೂ ಗಂಡಹೆಂಡಿರಾಗಿದ್ದಾಗ.
ಈಗ ಮಂಟಪದ ಆ ತುದಿಯಲ್ಲಿ ಅವಳು ಕಾಫಿ ಮಾರುತ್ತಾಳೆ,
ಈ ತುದಿಯಲ್ಲಿ ರೈಮೊ, ಗಿಟಾರು.
ನಡುವೆ ಮೇಣ ತಿಕ್ಕಿದ ಹಲಗೆಯ ನೆಲ, ನಲವತ್ತು ಹೆಜ್ಜೆ.

ಆಂಪ್ ಹೊರುವುದು ನನ್ನ ಕೆಲಸ.
ಇಪ್ಪತ್ತಾರು ಕಿಲೋ. ಹಿಡಿಕೆಯ ತೊಗಲು ಹರಿದು
ಅಂಗೈಗೆ ತಂತಿ ಒತ್ತುತ್ತದೆ.
ಈಸಲ್ಮಿಯಾಚೆಯ ಸರೋವರ, ಆಗಸ್ಟಿನ ಕೊನೆ,
ಈ ಬೇಸಗೆಯ ಕಟ್ಟಕಡೆಯ ಕುಣಿತ;
ಹತ್ತಕ್ಕೆಲ್ಲ ಕತ್ತಲಾಗುವುದು ಮತ್ತೆ ಶುರುವಾಗಿದೆ.

ಮೊದಲು ಒಂದು ಸ್ವಿಚ್ಚು. ಆಮೇಲೆ ಕಾಯಬೇಕು
ವಾಲ್ವಿನೊಳಗಿನ ಕಿತ್ತಳೆ ಎಳೆ ಕಣ್ಣು ಬಿಡುವತನಕ,
ಹೋದ ವಾರದ ಧೂಳು ಸುಡುವ ವಾಸನೆ ಬರುವತನಕ.
"ಅವಸರಪಟ್ಟರೆ ಗಾಜಿನ ಆಯುಷ್ಯ ಕಮ್ಮಿ."
ಎರಡನೆಯ ಸ್ವಿಚ್ಚು. ಎಲ್ಲೋ ಆಳದಲ್ಲಿ ಗುಂಯ್.

ಗರಗಸದ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ಕಿವಿ.
ಮಿಡತೆ ಅವನ ಪಾಲಿಗೆ ಸತ್ತು ಹತ್ತು ಬೇಸಗೆಯಾಯಿತು.
ಹಾಗಾಗಿ ಒಂದು ತಂತಿ ಮೀಟಿ, ತಲೆಯೆತ್ತಿ,
ನಲವತ್ತು ಹೆಜ್ಜೆ ಆಚೆಗೆ ನೋಡುತ್ತಾನೆ.
ಹಿಲ್ಕಾ ಬೆರಳೆತ್ತಿದರೆ: ಒಗರು.
ಟ್ರೆಬಲ್ಲಿನ ಕಿವಿ ಹಿಂಡುತ್ತಾನೆ, ಎಡಕ್ಕೆ.
ಅಂಗೈ ಚಪ್ಪಟೆ ಮಾಡಿದರೆ: ಅಂಬಲಿ.
ಬೇಸ್ ಇಳಿಸುತ್ತಾನೆ. ದನಿ ನಾಲ್ಕರ ಹತ್ತಿರ,
ಮೆಲ್ಲಗೆ ಮೀಟಿದರೆ ತಿಳಿನೀರು,
ಒತ್ತಿ ಮೀಟಿದರೆ ಅಂಚಿನಲ್ಲಿ ಸ್ವಲ್ಪ ಸೀದ ಹಾಲು.
ಸರಿಯಾಯಿತೆನ್ನಲು ಸನ್ನೆಯೇ ಇಲ್ಲ.
ಅವಳು ಕಪ್ಪು ಒರೆಸಲು ಶುರುಮಾಡುತ್ತಾಳೆ, ಅಷ್ಟೆ.

ಎಂಟಕ್ಕೆ ಜನ.
ಇನ್ನೂರು ಉಣ್ಣೆಯ ಕೋಟು, ಇನ್ನೂರು ಬೆಚ್ಚನೆ ಮೈ,
ಗೋಡೆಗೆ ಬಡಿದು ಬರುತ್ತಿದ್ದ ದನಿಯನ್ನೆಲ್ಲ
ಒದ್ದೆ ಬಟ್ಟೆ ನೀರು ಕುಡಿದಂತೆ ಕುಡಿದರು.
ಮೊದಲ ಟ್ಯಾಂಗೊ ಸಪ್ಪೆ.
ರೈಮೊ ನೋಡಿದ. ಭುಜಗಳು, ಟೋಪಿಗಳು,
ಯಾರದೋ ಹೆಗಲ ಮೇಲೆ ಯಾರದೋ ಗಲ್ಲ.
ಹಿಲ್ಕಾಳ ಕೈ ಎಲ್ಲಿಯೂ ಇಲ್ಲ.
ಆರು ಚುಕ್ಕೆಗಳೂ ಖಾಲಿ ಮಂಟಪಕ್ಕೆ ಇಟ್ಟವು.

ಹಾಡು ಮುಗಿದು ಅವನು ಬಗ್ಗಿ
ಸಡಿಲವಾದ ತಂತಿ ಬಿಗಿಯುತ್ತಿದ್ದ.
ನಾನು ಹಿಂದಿನಿಂದ ಕೈ ಚಾಚಿದೆ.
ಸಾರಿಗೆ ಉಪ್ಪು ಹಾಕುವ ಎರಡೇ ಬೆರಳು, ಒಂದು ಚಿಟಿಕೆ.
ಮೊಣಕೈ ಪೆಟ್ಟಿಗೆಗೆ ತಾಗಿತು.
ಒಳಗಿನ ಸ್ಪ್ರಿಂಗುಗಳು ದಡದಡ ಗುಡುಗಿದವು,
ಬಾಗಿಲ ಬಳಿಯ ಮುದುಕನೊಬ್ಬ ಆಕಾಶ ನೋಡಿದ.
ರೈಮೊ ತಿರುಗಲಿಲ್ಲ.

ಎರಡನೆಯ ಹಾಡಿನ ನಡುವೆ, ಏರಿ ಇಳಿಯುವ ಆ ಒಂದು ಸ್ವರಕ್ಕೆ,
ಕಾಫಿಮೇಜಿನ ಚಮಚೆಗಳು
ಗಾಜಿನ ಲೋಟದೊಳಗೆ ತಾವಾಗಿಯೇ ಕಿಣಿಗುಟ್ಟಿದವಂತೆ.
ಹಿಲ್ಕಾ ಆಮೇಲೆ ಹೇಳಿದಳು,
ಮಿಕ್ಕ ಕಾಫಿ ಮೂರು ಕಪ್ಪಿಗೆ ಬಗ್ಗಿಸುತ್ತ:
"ಮೊದಲನೆಯದು ಪಥ್ಯದ ಊಟ. ಎರಡನೆಯದರಿಂದ ಸರಿಯಾಯ್ತು."
"ಎರಡನೆಯದರಲ್ಲಿ ನಾನೇನೂ ಮುಟ್ಟಲಿಲ್ಲವಲ್ಲ,"
ಎಂದ ರೈಮೊ. ನೋಡಿದ್ದು ನನ್ನ ಕೈಯನ್ನು.

ಬಿಸಿ ವಾಲ್ವನ್ನು ಅಲುಗಿಸಬಾರದು.
ಕುಣಿದವರ ಕಾರುಗಳು ಒಂದೊಂದಾಗಿ ಹೊರಟವು.
ನಾವು ಮೂವರೂ ಆ ಬೆನ್ನು ತೆರೆದ ಪೆಟ್ಟಿಗೆಯ ಸುತ್ತ ಕೂತೆವು,
ಕಿತ್ತಳೆ ಕಂದಾಗಿ, ಕಂದು ಕಪ್ಪಾಗಿ,
ತಗಡು ಟಿಕ್ ಟಿಕ್ ಎಂದು ಆರುವತನಕ.
ಒಮ್ಮೆ ಹಿಲ್ಕಾ ತನ್ನ ಚೀಲ ತೆರೆದು ಏನೋ ತಡಕಿದಳು,
ಸಿಗಲಿಲ್ಲವೇನೋ, ಮುಚ್ಚಿದಳು.
ಹೊರಗೆ ಮಿಡತೆ.
ಅವನಿಗೆ ಯಾರೂ ಹೇಳಲಿಲ್ಲ.